ಕೊನೆಯ ಪ್ರತಿಗೆ ಎಷ್ಟು ವಯಸ್ಸು? ಲ್ಯಾಪ್‌ಟಾಪ್‌ನಿಂದ ಮನೆಯ ನ್ಯಾಸ್‌ಗೆ ತಾನಾಗೇ ಆಗುವ ಬ್ಯಾಕಪ್

(ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ತಂದಿರುವವರು ದಯವಿಟ್ಟು ಈಗಲೇ ಅದನ್ನು ತೆರೆದು ಒಂದು ವಿಷಯ ನೋಡಿ. ನಿಮ್ಮ ಕೊನೆಯ ಬ್ಯಾಕಪ್ ಯಾವಾಗ ಆಗಿದೆ? ಬ್ಯಾಕಪ್ ಇದೆಯಾ ಅಂತ ಕೇಳಿದರೆ ಬಹಳ ಜನ ಇದೆ ಅನ್ನುತ್ತಾರೆ, ಅದು ನಿಜವೂ ಹೌದು. ನನ್ನ ಪ್ರಶ್ನೆ ಅದರ ವಯಸ್ಸಿನ ಬಗ್ಗೆ. ಈ ಗಳಿಗೆಯಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಎಷ್ಟು ಕೆಲಸ ಹೋಗುತ್ತದೆ? ಒಂದು ಗಂಟೆಯದಾ, ಒಂದು ವಾರದ್ದಾ, ಕಳೆದ ವರ್ಷ ಪೂರ್ತಿಯದಾ?

ಮನೆಯ ನೆಟ್‌ವರ್ಕ್‌ನಲ್ಲಿ ಕೂತಿರುವ ನ್ಯಾಸ್ ಪೆಟ್ಟಿಗೆಗೆ ಲ್ಯಾಪ್‌ಟಾಪ್ ತಾನಾಗೇ ಬ್ಯಾಕಪ್ ಆಗುವಂತೆ ಮಾಡುವುದರ ಬಗ್ಗೆ ಇವತ್ತು ಮಾತಾಡುತ್ತೇನೆ. ಯಾವ ಕಂಪನಿಯ ಪೆಟ್ಟಿಗೆ ಕೊಳ್ಳಬೇಕು ಅನ್ನುವುದು ಇದರಲ್ಲಿ ಚಿಕ್ಕ ಪ್ರಶ್ನೆ. ಕೊನೆಯ ಒಳ್ಳೆಯ ಪ್ರತಿಯ ವಯಸ್ಸು ಯಾವಾಗಲೂ ಕಡಿಮೆ ಇರಬೇಕು. ಅದು ಏರುತ್ತಿದ್ದರೆ ನಮಗೆ ಗೊತ್ತಾಗಬೇಕು. ಈ ಎರಡನ್ನು ಹೇಗೆ ಸಾಧಿಸುವುದು ಅನ್ನುವುದೇ ದೊಡ್ಡ ಪ್ರಶ್ನೆ.

ಹೊಸಬರಿಗಾಗಿ ಎರಡು ಮಾತು. ನ್ಯಾಸ್ ಅಂದರೆ ರೌಟರ್‌ಗೆ ಕೇಬಲ್‌ನಲ್ಲಿ ಸೇರಿಸಿ ಸದಾ ಆನ್ ಇಡುವ ಪುಟ್ಟ ಕಂಪ್ಯೂಟರ್. ಒಳಗೆ ಒಂದೋ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್ ಇರುತ್ತವೆ. ಲ್ಯಾಪ್‌ಟಾಪ್‌ಗೆ ಅದು ನೆಟ್‌ವರ್ಕ್‌ನಲ್ಲಿರುವ ಒಂದು ಫೋಲ್ಡರ್ ಥರ ಕಾಣುತ್ತದೆ. ಈ ಎರಡೂ ಪರಸ್ಪರ ಮಾತಾಡುವ ರೀತಿಗೆ ಎಸ್‌ಎಂಬಿ ಅಂತ ಹೆಸರು. ಮನೆಗಳಲ್ಲಿ ಕಾಣುವ ಬಹಳಷ್ಟು ನ್ಯಾಸ್‌ಗಳ ಒಳಗೆ ಓಡುವುದು ವಿಂಡೋಸ್ ಥರದ ಇನ್ನೊಂದು ವ್ಯವಸ್ಥೆ, ಲಿನಕ್ಸ್. ಅಲ್ಲಿ ಎಸ್‌ಎಂಬಿ ಕೆಲಸ ನೋಡಿಕೊಳ್ಳುವುದು ಸಾಂಬಾ ಎಂಬ ಮುಕ್ತ ತಂತ್ರಾಂಶ. ಇದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್, 1990ರ ದಶಕದ ಆರಂಭದಲ್ಲಿ. ಅದೇ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಸೇರಿ 1996ರಲ್ಲಿ ಆರ್‌ಸಿಂಕ್ ಕೊಟ್ಟರು. ಫೈಲನ್ನು ತುಂಡು ತುಂಡಾಗಿ ಹೋಲಿಸಿ, ಬದಲಾದ ತುಂಡುಗಳನ್ನಷ್ಟೇ ಕಳಿಸುವ ಉಪಾಯ ಅದು. ಇವತ್ತು ಮನೆಯ ಬ್ಯಾಕಪ್ ಸಲೀಸಾಗಿ ನಡೆಯುತ್ತಿರುವುದಕ್ಕೆ ಈ ಎರಡು ಕೆಲಸಗಳ ಋಣ ದೊಡ್ಡದು. ಅವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಬದಲಾದದ್ದನ್ನು ಮಾತ್ರ ಕಳಿಸುವುದು ಯಾಕೆ ಮುಖ್ಯ? ಲೆಕ್ಕ ನೋಡೋಣ. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಹೋಗುತ್ತದೆ ಅಂದುಕೊಳ್ಳಿ. 500 ಗಿಗಾಬೈಟ್ ಕಳಿಸಲು ಒಂದೂಕಾಲು ಗಂಟೆ ಬೇಕು. ವೈಫೈನಲ್ಲಿ ಸೆಕೆಂಡಿಗೆ 30 ಮೆಗಾಬೈಟ್ ಸಿಕ್ಕರೆ ಅದೇ ಕೆಲಸಕ್ಕೆ ನಾಲ್ಕೂವರೆ ಗಂಟೆ ದಾಟುತ್ತದೆ. ಸಣ್ಣ ಸಣ್ಣ ಫೈಲ್‌ಗಳು ಲಕ್ಷಗಟ್ಟಲೆ ಇದ್ದರೆ ಇನ್ನೂ ಜಾಸ್ತಿ. ಆದರೆ ಒಂದು ದಿನದಲ್ಲಿ ಬದಲಾಗುವುದು 2 ಗಿಗಾಬೈಟ್ ಇದ್ದರೆ, ವೈಫೈನಲ್ಲೂ ಒಂದೆರಡು ನಿಮಿಷ ಸಾಕು. ಹಾಗಾಗಿ ಮೊದಲ ಬ್ಯಾಕಪ್ ಮಾತ್ರ ಕೇಬಲ್ ಹಾಕಿ, ಚಾರ್ಜರ್ ಹಾಕಿ, ನಿದ್ದೆಗೆ ಹೋಗದಂತೆ ಮಾಡಿ ರಾತ್ರಿಯಿಡೀ ಬಿಡಿ. ಆಮೇಲೆ ವೈಫೈ ಸಾಕು. ಮೊದಲನೇದನ್ನೇ ವೈಫೈನಲ್ಲಿ ಶುರು ಮಾಡಿ, ಅರ್ಧಕ್ಕೆ ನಿಂತು, ಬೇಜಾರಾಗಿ ಇಡೀ ಯೋಜನೆಯನ್ನೇ ಬಿಟ್ಟುಬಿಡುವವರು ಇದ್ದಾರೆ. ಅದು ತಪ್ಪಿಸಬಹುದಾದ ನಷ್ಟ.

ಈಗ ನಿಜವಾದ ತೊಡಕಿಗೆ ಬರೋಣ. ಬ್ಯಾಕಪ್ ಬಗ್ಗೆ ಇರುವ ಸಲಹೆಗಳಲ್ಲಿ ಬಹಳಷ್ಟು ಒಂದೇ ಕಡೆ ಕೂತು, ಸದಾ ಓಡುವ ಕಂಪ್ಯೂಟರ್‌ಗೆ ಹೊಂದುವಂಥವು. ಲ್ಯಾಪ್‌ಟಾಪ್ ಹಾಗಿಲ್ಲ. ಅದು ಮುಚ್ಚಿದ ತಕ್ಷಣ ನಿದ್ದೆ ಮಾಡುತ್ತದೆ. ಬ್ಯಾಟರಿಯಲ್ಲಿ ಓಡುತ್ತದೆ. ಮನೆ ಬಿಟ್ಟು ಹೊರಗೆ ಹೋಗುತ್ತದೆ. ರಾತ್ರಿ 2 ಗಂಟೆಗೆ ಬ್ಯಾಕಪ್ ಅಂತ ಸಮಯ ಇಟ್ಟರೆ, ಆ ಹೊತ್ತಿಗೆ ಲ್ಯಾಪ್‌ಟಾಪ್ ಚೀಲದೊಳಗೆ ನಿದ್ದೆಯಲ್ಲಿರುತ್ತದೆ. ಸಮಯ ಬರುತ್ತದೆ, ಹೋಗುತ್ತದೆ, ಏನೂ ಆಗುವುದಿಲ್ಲ. ಮಾರನೇ ದಿನವೂ ಅದೇ ಕಥೆ.

ಲಿನಕ್ಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಹಳೇ ಕ್ರಾನ್ ಹೀಗೆಯೇ ನಡೆದುಕೊಳ್ಳುತ್ತದೆ. ತಪ್ಪಿದ ಸಮಯ ತಪ್ಪಿಯೇ ಹೋಯಿತು. ತಪ್ಪಿದ್ದನ್ನು ಆಮೇಲೆ ಓಡಿಸುವ ಅನಾಕ್ರಾನ್ ಬಂದಿದ್ದು ಅದಕ್ಕೇ. ಇದೇ ಕೆಲಸಕ್ಕೆ ಲಿನಕ್ಸ್‌ನಲ್ಲಿ ಈಗ ಇರುವ ಸಿಸ್ಟಮ್‌ಡಿ ಟೈಮರ್‌ಗಳಲ್ಲಿ ಪರ್ಸಿಸ್ಟೆಂಟ್ ಎಂಬ ಒಂದು ಸಾಲು ಸೇರಿಸಿದರೆ, ಯಂತ್ರ ಆಫ್ ಆಗಿದ್ದಾಗ ತಪ್ಪಿಹೋದ ಕೆಲಸ ಮತ್ತೆ ಆನ್ ಆದ ಮೇಲೆ ನಡೆಯುತ್ತದೆ. ವಿಂಡೋಸ್‌ನಲ್ಲಿ ಈ ಕೆಲಸ ನೋಡಿಕೊಳ್ಳುವ ಟಾಸ್ಕ್ ಶೆಡ್ಯೂಲರ್‌ನಲ್ಲೂ ಇದಕ್ಕೆ ಒಂದು ಟಿಕ್ ಇದೆ: ತಪ್ಪಿದ ಕೆಲಸವನ್ನು ಆದಷ್ಟು ಬೇಗ ಓಡಿಸು ಅನ್ನುವುದು. ಅದು ಮೊದಲಿಗೆ ಆಫ್ ಆಗಿರುತ್ತದೆ. ಅದೇ ವೇಳೆ ಚಾರ್ಜರ್ ಹಾಕಿದ್ದರೆ ಮಾತ್ರ ಓಡು ಅನ್ನುವ ಟಿಕ್ ಮೊದಲಿಗೇ ಆನ್ ಆಗಿರುತ್ತದೆ. ಈ ಎರಡು ಟಿಕ್‌ಗಳು ಸೇರಿದರೆ, ಸದಾ ಬ್ಯಾಟರಿಯಲ್ಲಿ ಕೆಲಸ ಮಾಡುವವರ ಲ್ಯಾಪ್‌ಟಾಪ್ ತಿಂಗಳುಗಟ್ಟಲೆ ಬ್ಯಾಕಪ್ ಆಗದೇ ಇರಬಹುದು. ಎಲ್ಲವೂ ಸರಿಯಾಗಿಯೇ ಹೊಂದಿಸಿದಂತೆ ಕಾಣುತ್ತಿರುತ್ತದೆ. ದಯವಿಟ್ಟು ಇವತ್ತು ಮನೆಗೆ ಹೋದ ಮೇಲೆ ಈ ಎರಡನ್ನು ನೋಡಿ.

ಮ್ಯಾಕ್‌ನವರ ಪಾಡು ಸ್ವಲ್ಪ ಸುಲಭ. 2007ರಲ್ಲಿ ಬಂದ ಟೈಮ್ ಮಷೀನ್ ಎಂಬ ಬ್ಯಾಕಪ್ ತಂತ್ರಾಂಶ ಲ್ಯಾಪ್‌ಟಾಪ್‌ನ ಸ್ವಭಾವವನ್ನು ಅರ್ಥಮಾಡಿಕೊಂಡೇ ಕಟ್ಟಿದ್ದು. ನ್ಯಾಸ್ ಕಂಡಾಗ ತಾನೇ ಶುರುವಾಗುತ್ತದೆ. ಕಾಣದಿದ್ದರೆ ಸುಮ್ನೆ ಕಾಯುತ್ತದೆ. ಹೊರಗಿದ್ದಾಗ ಲ್ಯಾಪ್‌ಟಾಪ್‌ನ ಒಳಗೇ ಒಂದು ದಿನದ ಮಟ್ಟಿಗೆ ಸ್ನ್ಯಾಪ್‌ಶಾಟ್, ಅಂದರೆ ಆ ಗಳಿಗೆಯಲ್ಲಿ ಫೈಲ್‌ಗಳು ಹೇಗಿದ್ದವೋ ಅದರ ನೆನಪು, ಇಟ್ಟುಕೊಳ್ಳುತ್ತದೆ. ಅದರ ಪ್ರತಿಗಳ ಲೆಕ್ಕವೂ ಚೆನ್ನಾಗಿದೆ. ಕಳೆದ 24 ಗಂಟೆಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಕ್ಕೆ ವಾರಕ್ಕೊಂದು. ಜಾಗ ತುಂಬಿದರೆ ತೀರ ಹಳೆಯದನ್ನು ಅಳಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಅದು ಸಿಕ್ಕ ಜಾಗವನ್ನೆಲ್ಲ ತುಂಬುತ್ತಾ ಹೋಗುತ್ತದೆ. ನ್ಯಾಸ್‌ನಲ್ಲಿ ಆ ಫೋಲ್ಡರ್‌ಗೆ ಒಂದು ಮಿತಿ ಹಾಕಿ. ಲ್ಯಾಪ್‌ಟಾಪ್‌ನ ಡಿಸ್ಕಿನ ಎರಡರಷ್ಟು ಕೊಟ್ಟರೆ ನೆಮ್ಮದಿಯಾಗಿ ನಡೆಯುತ್ತದೆ.

ವಿಂಡೋಸ್ 8ರಿಂದ ಬಂದ ಫೈಲ್ ಹಿಸ್ಟರಿ ಎಂಬ ಬ್ಯಾಕಪ್ ಸೌಲಭ್ಯವೂ ನೆಟ್‌ವರ್ಕ್ ಫೋಲ್ಡರ್‌ಗೆ ಬರೆಯುತ್ತದೆ, ಮೊದಲಿನ ಹೊಂದಿಕೆಯಲ್ಲಿ ಗಂಟೆಗೊಮ್ಮೆ. ಆದರೆ ಅದು ನೋಡುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮುಂತಾದ ಕೆಲವು ಫೋಲ್ಡರ್‌ಗಳನ್ನು. ಡ್ರೈವ್‌ನ ಬೇರೆ ಮೂಲೆಯಲ್ಲಿ ಕೆಲಸದ ಫೋಲ್ಡರ್ ಇಟ್ಟುಕೊಂಡವರು ಅದು ಸೇರಿದೆಯಾ ಅಂತ ನೋಡಿಕೊಳ್ಳಲೇಬೇಕು. ನ್ಯಾಸ್ ಕಂಪನಿಗಳು ಕೊಡುವ ಬ್ಯಾಕಪ್ ಆ್ಯಪ್‌ಗಳು, ರೆಸ್ಟಿಕ್, ಬೋರ್ಗ್, ಡುಪ್ಲಿಕಾಟಿ ಇಂಥ ಬ್ಯಾಕಪ್ ತಂತ್ರಾಂಶಗಳೂ ಇವೆ. ನನ್ನ ಒಲವು ರೆಸ್ಟಿಕ್ ಕಡೆಗೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಯೇ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ) ಇಡುತ್ತದೆ, ಒಂದೇ ತುಂಡನ್ನು ಎರಡು ಸಲ ಬರೆಯುವುದಿಲ್ಲ. ಆದರೆ ಆಜ್ಞೆ ಟೈಪ್ ಮಾಡಲು ಇಷ್ಟವಿಲ್ಲದವರಿಗೆ ಅದನ್ನು ಹೇರುವುದು ಸರಿಯಲ್ಲ. ನಿಮಗೆ ಅರ್ಥವಾಗುವ ಸಾಧನವೇ ನಿಮಗೆ ಒಳ್ಳೆಯದು.

ನೆಟ್‌ವರ್ಕ್ ಕಡೆಯ ಎರಡು ಮೂರು ಕಾರಣಗಳನ್ನೂ ಹೇಳಬೇಕು. ಯಾಕೆಂದರೆ ಬ್ಯಾಕಪ್ ನಿಲ್ಲುವುದು ಬಹಳ ಸಲ ಇಲ್ಲೇ. ರೌಟರ್ ಒಂದು ದಿನ ನ್ಯಾಸ್‌ಗೆ ಬೇರೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಡುತ್ತದೆ, ಲ್ಯಾಪ್‌ಟಾಪ್ ಹಳೇ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ರೌಟರ್‌ನಲ್ಲಿ ಆ ವಿಳಾಸವನ್ನು ನ್ಯಾಸ್‌ಗೇ ಕಾಯ್ದಿರಿಸಿ. ಲ್ಯಾಪ್‌ಟಾಪ್ ಹೇಗೋ ಗೆಸ್ಟ್ ವೈಫೈಗೆ ಸೇರಿಬಿಟ್ಟಿದ್ದರೆ ಇಂಟರ್‌ನೆಟ್ ಚೆನ್ನಾಗಿಯೇ ಬರುತ್ತದೆ, ನ್ಯಾಸ್ ಮಾತ್ರ ಕಾಣುವುದಿಲ್ಲ. ಗೆಸ್ಟ್ ನೆಟ್‌ವರ್ಕ್ ಇರುವುದೇ ಮನೆಯ ಬೇರೆ ಸಾಧನಗಳಿಂದ ದೂರ ಇಡಲು. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಫೋಲ್ಡರ್‌ಗೆ ಡ್ರೈವ್ ಅಕ್ಷರ ಕೊಟ್ಟಿರುತ್ತೀರಿ, ಅಲ್ವಾ? ಆ ಅಕ್ಷರ ನೀವು ಲಾಗಿನ್ ಆಗಿರುವ ಅವಧಿಗೆ ಕಟ್ಟಿದ್ದು. ಹಿನ್ನೆಲೆಯಲ್ಲಿ ಬೇರೆ ಲಾಗಿನ್‌ನಿಂದ ಓಡುವ ಕೆಲಸಕ್ಕೆ ಅದು ಕಾಣದು. ಅಲ್ಲಿ ನ್ಯಾಸ್‌ನ ಹೆಸರಿನಿಂದ ಶುರುವಾಗುವ ಪೂರ್ತಿ ವಿಳಾಸವನ್ನೇ ಕೊಡಬೇಕು.

ಈಗ ಒಂದು ಗೊಂದಲ ಬಿಡಿಸಬೇಕು. ಎರಡು ಕಡೆಯ ಫೈಲ್‌ಗಳನ್ನು ಸದಾ ಒಂದೇ ಥರ ಇಡುವ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್‌ನಲ್ಲಿ ನೀವು ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಇಲ್ಲಿ ಕೆಟ್ಟ ಫೈಲ್ ಅಲ್ಲಿಯ ಒಳ್ಳೆಯ ಫೈಲಿನ ಮೇಲೆ ಕೂರುತ್ತದೆ. ಫೈಲ್ ನಕಲು ಮಾಡುವ ವಿಂಡೋಸ್‌ನ ರೋಬೊಕಾಪಿ ಒಳ್ಳೆಯ ಸಾಧನವೇ. ಆದರೆ ಅದರ ಮಿರರ್ ಆಯ್ಕೆ ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಿಂದಲೂ ತೆಗೆದುಹಾಕುತ್ತದೆ. ಆರ್‌ಸಿಂಕ್‌ನ ಡಿಲೀಟ್ ಆಯ್ಕೆಯೂ ಹಾಗೇ. ಬ್ಯಾಕಪ್ ಅನ್ನಬೇಕಾದರೆ ನಿನ್ನೆಯ ಪ್ರತಿ, ಹೋದ ವಾರದ ಪ್ರತಿ, ಹೋದ ತಿಂಗಳ ಪ್ರತಿ ಬೇರೆ ಬೇರೆಯಾಗಿ ಸಿಗಬೇಕು. ಫೈಲ್ ಹಾಳಾಗಿದ್ದು ಹಾಳಾದ ದಿನವೇ ನಮ್ಮ ಕಣ್ಣಿಗೆ ಬೀಳುವುದು ಅಪರೂಪ.

ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದರಂತೆ ನಡೆಸುವ ರೇಡ್ ಬಗ್ಗೆಯೂ ಇದೇ ಮಾತು, ಅದೂ ಬ್ಯಾಕಪ್ ಅಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರಾಂಡಿ ಕ್ಯಾಟ್ಜ್ 1988ರಲ್ಲಿ ಇದರ ಬಗ್ಗೆ ಬರೆದಾಗ ಅವರು ಬಿಡಿಸುತ್ತಿದ್ದ ಸಮಸ್ಯೆ, ಅಗ್ಗದ ಡಿಸ್ಕ್‌ಗಳನ್ನು ಸೇರಿಸಿ ವೇಗ ಪಡೆಯುವುದು, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಎರಡು ಡಿಸ್ಕಿನ ನ್ಯಾಸ್‌ನಲ್ಲಿ ಒಂದು ಸತ್ತರೆ ಇನ್ನೊಂದು ನಡೆಸುತ್ತದೆ. ಅದು ಬೇಕಾದ್ದೇ. ಆದರೆ ನೀವು ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅದೇ ಕ್ಷಣ ಅಳಿಯುತ್ತದೆ.

ಇನ್ನು ಮನಸ್ಸಿಗೆ ಬೇಸರ ತರುವ ಭಾಗ. ಫೈಲ್‌ಗಳನ್ನು ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಲ್ಯಾಪ್‌ಟಾಪ್‌ಗೆ ಬಂದರೆ, ಆ ಲ್ಯಾಪ್‌ಟಾಪ್ ಬರೆಯಬಲ್ಲ ಎಲ್ಲ ಕಡೆಗೂ ಅದು ಬರೆಯಬಲ್ಲದು. ನ್ಯಾಸ್‌ನ ಬ್ಯಾಕಪ್ ಫೋಲ್ಡರ್ ಸದಾ ತೆರೆದಿದ್ದರೆ ಅದೂ ಹೋಯಿತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಹಬ್ಬಿದ್ದು ಎಸ್‌ಎಂಬಿಯ ಹಳೇ ಮೊದಲ ಆವೃತ್ತಿಯ ಒಂದು ದೋಷದಿಂದ. ನ್ಯಾಸ್‌ನ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಬಿ 1 ಇನ್ನೂ ಆನ್ ಇದ್ದರೆ ಆಫ್ ಮಾಡಿ.

ನ್ಯಾಸ್ ಮೇಲೇ ನೇರ ದಾಳಿಗಳೂ ಆಗಿವೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ನ್ಯಾಸ್ ಇಟ್ಟುಕೊಂಡಿದ್ದ ಅನೇಕರು ಬೆಳಗ್ಗೆ ನೋಡಿದರೆ ಪೆಟ್ಟಿಗೆ ಪೂರ್ತಿ ಖಾಲಿ. ಯಾರೋ ದೂರದಿಂದಲೇ ಅದನ್ನು ಫ್ಯಾಕ್ಟರಿ ರೀಸೆಟ್ ಮಾಡಿದ್ದರು. ಆ ಸಾಧನಕ್ಕೆ ಕೊನೆಯ ಫರ್ಮ್‌ವೇರ್ (ಒಳಗಿನ ತಂತ್ರಾಂಶದ ಹೊಸ ಆವೃತ್ತಿ) ಬಂದಿದ್ದು 2015ರಲ್ಲಿ. ಇಂಟರ್‌ನೆಟ್‌ನಿಂದ ಅದನ್ನು ಬಿಡಿಸಿ ಇಡಿ ಎಂದು ಕಂಪನಿಯೇ ಹೇಳಬೇಕಾಯಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್ ಇಂಟರ್‌ನೆಟ್‌ಗೆ ನೇರವಾಗಿ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಿ 0.03 ಬಿಟ್‌ಕಾಯಿನ್ ಕೇಳಿತು. ಮಕ್ಕಳ ಫೋಟೋ, ಓದಿನ ಟಿಪ್ಪಣಿ, ತೀರಿಹೋದವರ ದನಿ, ಇಂಥವೆಲ್ಲ ಆ ಪೆಟ್ಟಿಗೆಗಳಲ್ಲಿ ಇದ್ದೇ ಇರುತ್ತವೆ. ನಿಮ್ಮ ನ್ಯಾಸ್‌ಗೆ ಹೊರಗಿನಿಂದ ಬರಲು ರೌಟರ್‌ನಲ್ಲಿ ಪೋರ್ಟ್ ಎಂಬ ಬಾಗಿಲು ತೆರೆದಿದ್ದರೆ ಮುಚ್ಚಿ. ಹೊರಗಿನಿಂದ ಬೇಕೇ ಬೇಕು ಅಂದರೆ ವಿಪಿಎನ್ ಎಂಬ ಭದ್ರವಾದ ಖಾಸಗಿ ದಾರಿಯ ಮೂಲಕ ಬನ್ನಿ.

ಒಳಗಿನಿಂದ ಬರುವ ಅಪಾಯಕ್ಕೆ ಉತ್ತರ ಸ್ನ್ಯಾಪ್‌ಶಾಟ್. ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗಳಿರುವ ನ್ಯಾಸ್‌ಗಳಲ್ಲಿ ಇದು ಸಿಗುತ್ತದೆ. ಈ ವ್ಯವಸ್ಥೆಗಳು ಹಳೇ ತುಂಡಿನ ಮೇಲೆ ಬರೆಯುವುದಿಲ್ಲ. ಬದಲಾದದ್ದನ್ನು ಹೊಸ ಜಾಗದಲ್ಲಿ ಬರೆಯುತ್ತವೆ. ಹಾಗಾಗಿ ಈ ಗಳಿಗೆಯಲ್ಲಿ ಫೋಲ್ಡರ್ ಹೇಗಿತ್ತೋ ಹಾಗೇ ನೆನಪಿಟ್ಟುಕೊಳ್ಳುವುದು ಕ್ಷಣದ ಕೆಲಸ, ಜಾಗವೂ ಜಾಸ್ತಿ ಬೇಡ. ಸ್ನ್ಯಾಪ್‌ಶಾಟನ್ನು ಲ್ಯಾಪ್‌ಟಾಪ್ ಕಡೆಯಿಂದ ಬದಲಾಯಿಸಲು ಆಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಬಂದ ಕೇಡು ಬ್ಯಾಕಪ್ ಫೋಲ್ಡರನ್ನು ಕೆಡಿಸಿದರೂ ನಿನ್ನೆಯ ಸ್ನ್ಯಾಪ್‌ಶಾಟ್ ಉಳಿದಿರುತ್ತದೆ. ಆದರೆ ಇದಕ್ಕೆ ಒಂದು ಷರತ್ತು ಇದೆ. ಬ್ಯಾಕಪ್‌ಗೆ ನ್ಯಾಸ್‌ನ ಅಡ್ಮಿನ್ ಖಾತೆ ಬಳಸಬೇಡಿ. ಅಡ್ಮಿನ್ ಪಾಸ್‌ವರ್ಡ್ ಲ್ಯಾಪ್‌ಟಾಪ್‌ನಲ್ಲಿ ಉಳಿಸಿಟ್ಟಿದ್ದರೆ ಸ್ನ್ಯಾಪ್‌ಶಾಟ್ ಅಳಿಸುವ ದಾರಿಯೂ ಅಲ್ಲೇ ಇದೆ. ಬ್ಯಾಕಪ್‌ಗೆ ಅಂತಲೇ ಒಂದು ಖಾತೆ ಮಾಡಿ, ಅದಕ್ಕೆ ಆ ಒಂದು ಫೋಲ್ಡರ್ ಮಾತ್ರ ಕೊಡಿ. ರೆಸ್ಟಿಕ್ ಬಳಸುವವರು ನ್ಯಾಸ್‌ನಲ್ಲಿ ಅದರ ರೆಸ್ಟ್ ಸರ್ವರ್ ಓಡಿಸಿ, ಸೇರಿಸಬಹುದು ಆದರೆ ಅಳಿಸಲಾಗದು ಎಂಬ ಸ್ಥಿತಿಯಲ್ಲಿ ಇಡಬಹುದು. ನನಗೆ ಗೊತ್ತಿರುವ ಏರ್ಪಾಟುಗಳಲ್ಲಿ ತುಂಬ ಇಷ್ಟವಾದದ್ದು ಇದು.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಮೊದಲ ಪ್ರಶ್ನೆ ಉಳಿದೇ ಇದೆ. ಇದು ಇವತ್ತು ನಡೆಯುತ್ತಿದೆಯಾ? 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪಾದ ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಅವರ ಬಳಿ ಐದು ಬಗೆಯ ಬ್ಯಾಕಪ್ ಏರ್ಪಾಟು ಇದ್ದವು. ಆ ಹೊತ್ತಿಗೆ ಒಂದೂ ನೆಚ್ಚುವಂತೆ ಕೆಲಸ ಮಾಡುತ್ತಿರಲಿಲ್ಲ. ದಿನಾ ಓಡಬೇಕಾಗಿದ್ದ ಬ್ಯಾಕಪ್, ಡೇಟಾಬೇಸ್‌ನ ಆವೃತ್ತಿ 9.6 ಆಗಿದ್ದಾಗ ಹಳೇ 9.2 ಆವೃತ್ತಿಯ ಸಾಧನದಿಂದ ಓಡಲು ಹೋಗಿ ಸೋಲುತ್ತಿತ್ತು. ಸೋತೆ ಅಂತ ಅದು ಕಳಿಸುತ್ತಿದ್ದ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕಡೆಗೆ ಉಳಿಸಿದ್ದು ಆ ಎಂಜಿನಿಯರ್ ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್. ಆ ಕಂಪನಿ ಇದನ್ನೆಲ್ಲ ಬಚ್ಚಿಡದೆ ಬರೆದು ಪ್ರಕಟಿಸಿತು. ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಇದೆ.

ಇದರಿಂದ ಮನೆಗೆ ತೆಗೆದುಕೊಳ್ಳಬೇಕಾದ್ದು ಇದೆ. ಸೋತಾಗ ತಿಳಿಸು ಅನ್ನುವ ಏರ್ಪಾಟು ಸಾಲದು. ನಿದ್ದೆಯಲ್ಲಿರುವ ಲ್ಯಾಪ್‌ಟಾಪ್ ಸೋಲುವುದೂ ಇಲ್ಲ, ಅದು ಶುರುವೇ ಆಗಿರುವುದಿಲ್ಲ. ಶುರುವೇ ಆಗದ ಕೆಲಸ ಯಾರಿಗೆ ಮೇಲ್ ಕಳಿಸೀತು? ಅದನ್ನು ತಿರುಗಿಸಿ ಇಡಬೇಕು. ಗೆದ್ದಾಗಲೆಲ್ಲ ಬ್ಯಾಕಪ್ ಒಂದು ಸಂಕೇತ ಕಳಿಸಲಿ. ಮೂರು ದಿನ ಸಂಕೇತ ಬರದಿದ್ದರೆ ಬೇರೆ ಯಾರೋ ಕೂಗಲಿ. ಹೆಲ್ತ್‌ಚೆಕ್ಸ್ ಎಂಬ ಮುಕ್ತ ತಂತ್ರಾಂಶ ಇದನ್ನೇ ಮಾಡುತ್ತದೆ. ಕೂಗುವ ಕೆಲಸ ಲ್ಯಾಪ್‌ಟಾಪ್‌ನಿಂದ ಹೊರಗೆ ಇರಬೇಕು ಅನ್ನುವುದು ಮುಖ್ಯ. ಇದು ಕಷ್ಟ ಅನಿಸಿದರೆ, ಕೊನೆಯ ಬ್ಯಾಕಪ್‌ನ ದಿನಾಂಕ ನೋಡುವುದನ್ನು ವಾರದ ಒಂದು ನಿಗದಿತ ದಿನಕ್ಕೆ ಫೋನಿನ ಅಲಾರಂನಲ್ಲಿ ಹಾಕಿ.

ದಿನಾಂಕ ಸರಿ ಇದ್ದರೂ ಒಳಗಿನದು ಸರಿ ಇದೆ ಅಂತ ಹೇಳಲಾಗದು. ತಿಂಗಳಿಗೊಮ್ಮೆ ಒಂದು ಫೈಲನ್ನು ವಾಪಸ್ ತೆಗೆದು ತೆರೆದು ನೋಡಿ. ಸುಮ್ನೆ ಯಾವುದೋ ಒಂದಲ್ಲ, ಹೋದ ವಾರ ನೀವು ಬದಲಾಯಿಸಿದ ಒಂದು, ವರ್ಷಗಳಿಂದ ಮುಟ್ಟದ ಒಂದು. ಮೊದಲನೆಯದು ಬ್ಯಾಕಪ್ ಈಗ ಓಡುತ್ತಿದೆ ಅಂತ ತೋರಿಸುತ್ತದೆ, ಎರಡನೆಯದು ಹಳೆಯದು ಕೊಳೆತಿಲ್ಲ ಅಂತ. ವರ್ಷಕ್ಕೊಮ್ಮೆಯಾದರೂ ಈ ಕೆಲಸವನ್ನು ಬೇರೆ ಕಂಪ್ಯೂಟರ್‌ನಿಂದ ಮಾಡಿ. ನಿಜವಾಗಿ ಬ್ಯಾಕಪ್ ಬೇಕಾಗುವ ದಿನ ನಿಮ್ಮ ಲ್ಯಾಪ್‌ಟಾಪ್ ಇರುವುದಿಲ್ಲ.

ನ್ಯಾಸ್ ಮತ್ತು ಲ್ಯಾಪ್‌ಟಾಪ್ ಒಂದೇ ಸೂರಿನಡಿ ಇರುತ್ತವೆ ಅನ್ನುವುದನ್ನೂ ಮರೆಯುವಂತಿಲ್ಲ. ಬೆಂಕಿ, ನೀರು, ಕಳ್ಳತನ ಎರಡನ್ನೂ ಒಟ್ಟಿಗೇ ಒಯ್ಯಬಹುದು. ಫೋಟೋಗ್ರಾಫರ್ ಪೀಟರ್ ಕ್ರೋ ಜನಪ್ರಿಯ ಮಾಡಿದ 3-2-1 ಲೆಕ್ಕ ನಿಮಗೆ ಗೊತ್ತಿರಬಹುದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ನ್ಯಾಸ್‌ನಿಂದಲೇ ರಾತ್ರಿ ಹೊತ್ತು ಎನ್‌ಕ್ರಿಪ್ಟ್ ಆದ ಪ್ರತಿ ಕ್ಲೌಡ್‌ಗೆ ಹೋಗಲಿ. ಇಲ್ಲವೇ ಎರಡು ಯುಎಸ್‌ಬಿ ಡಿಸ್ಕ್ ಇಟ್ಟುಕೊಂಡು, ಒಂದನ್ನು ನಂಟರ ಮನೆಯಲ್ಲಿಟ್ಟು ಅದಲು ಬದಲು ಮಾಡುತ್ತಿರಿ.

ಸಭಿಕರ ಪ್ರಶ್ನೆಗಳು

ರೌಟರ್‌ಗೆ ಒಂದು ಯುಎಸ್‌ಬಿ ಡಿಸ್ಕ್ ಸಿಕ್ಕಿಸಿದರೆ ಸಾಲದಾ ಸರ್, ನ್ಯಾಸ್ ಬೇಕೇ ಬೇಕಾ?

ಏನೂ ಇಲ್ಲದ್ದಕ್ಕಿಂತ ಖಂಡಿತ ಒಳ್ಳೆಯದು, ಇವತ್ತೇ ಶುರು ಮಾಡಿ. ಆದರೆ ಬಹಳ ರೌಟರ್‌ಗಳಲ್ಲಿ ವೇಗ ಕಡಿಮೆ, ಸ್ನ್ಯಾಪ್‌ಶಾಟ್ ಇಲ್ಲ, ಬೇರೆ ಬೇರೆ ಖಾತೆ ಮಾಡುವ ಸೌಲಭ್ಯವೂ ಕಡಿಮೆ. ಹಳೇ ಕಂಪ್ಯೂಟರ್ ಒಂದು ಮೂಲೆಯಲ್ಲಿ ಕೂತಿದ್ದರೆ ಅದಕ್ಕೆ ಓಪನ್‌ಮೀಡಿಯಾವಾಲ್ಟ್ ಅಥವಾ ಟ್ರೂನ್ಯಾಸ್ ಎಂಬ ತಂತ್ರಾಂಶ ಹಾಕಿ ನ್ಯಾಸ್ ಮಾಡಿಕೊಳ್ಳಬಹುದು.

ನನ್ನ ಫೈಲ್‌ಗಳೆಲ್ಲ ಒನ್‌ಡ್ರೈವ್‌ನಲ್ಲಿವೆ. ಅವೂ ನ್ಯಾಸ್‌ಗೆ ಹೋಗುತ್ತವಾ?

ಒಳ್ಳೆಯ ಪ್ರಶ್ನೆ, ಬಹಳ ಜನ ಕೇಳುವುದೇ ಇಲ್ಲ. ಇಂಥ ಸೇವೆಗಳು ಜಾಗ ಉಳಿಸಲು ಫೈಲಿನ ಹೆಸರನ್ನು ಮಾತ್ರ ಲ್ಯಾಪ್‌ಟಾಪ್‌ನಲ್ಲಿ ಇಟ್ಟು, ಒಳಗಿನದನ್ನು ಕ್ಲೌಡ್‌ನಲ್ಲೇ ಇಡಬಹುದು. ಪಕ್ಕದಲ್ಲಿ ಪುಟ್ಟ ಮೋಡದ ಚಿತ್ರ ಇದ್ದರೆ ಆ ಫೈಲ್ ನಿಮ್ಮ ಡಿಸ್ಕಿನಲ್ಲಿ ಇಲ್ಲ. ಬ್ಯಾಕಪ್ ಅದನ್ನು ಬಿಟ್ಟುಬಿಡಬಹುದು. ಮುಖ್ಯವಾದ ಫೋಲ್ಡರ್‌ಗಳನ್ನು ಸದಾ ಈ ಸಾಧನದಲ್ಲೇ ಇಡು ಅಂತ ಆಯ್ಕೆ ಮಾಡಿ.

ಇಡೀ ಡಿಸ್ಕ್ ಬ್ಯಾಕಪ್ ಮಾಡಬೇಕಾ, ಫೈಲ್‌ಗಳು ಮಾತ್ರ ಸಾಕಾ?

ನನ್ನ ಮಟ್ಟಿಗೆ ಫೈಲ್‌ಗಳು ಮೊದಲು. ವಿಂಡೋಸ್ ಮತ್ತೆ ಹಾಕಬಹುದು, ನಿಮ್ಮ ಬರಹ ಮತ್ತೆ ಹುಟ್ಟುವುದಿಲ್ಲ. ಬ್ರೌಸರ್ ಕ್ಯಾಶೆ, ಡೌನ್‌ಲೋಡ್ಸ್, ವರ್ಚುವಲ್ ಮಷೀನ್ (ಕಂಪ್ಯೂಟರ್‌ನೊಳಗೇ ತಂತ್ರಾಂಶವಾಗಿ ಓಡುವ ಇನ್ನೊಂದು ಕಂಪ್ಯೂಟರ್) ಡಿಸ್ಕ್‌ಗಳನ್ನು ಹೊರಗಿಡಿ. ವರ್ಚುವಲ್ ಮಷೀನ್‌ನ ದೊಡ್ಡ ಫೈಲ್ ಪ್ರತಿ ದಿನ ಚೂರು ಬದಲಾಗುತ್ತದೆ. ಕೆಲವು ಸಾಧನಗಳು ಆ ಚೂರಿಗಾಗಿ ಇಡೀ ಫೈಲನ್ನೇ ಮತ್ತೆ ಕಳಿಸುತ್ತವೆ. ಜಾಗ ಇದ್ದರೆ ತಿಂಗಳಿಗೊಂದು ಇಡೀ ಡಿಸ್ಕಿನ ಪ್ರತಿ ಇರಲಿ.

ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಬೇಕಾ? ಮರೆತರೆ ಏನು ಗತಿ?

ಹಾಕಲೇಬೇಕು. ನ್ಯಾಸ್ ಕಳವಾದರೆ ನಿಮ್ಮ ಬದುಕಿನ ಕಾಗದಪತ್ರವೆಲ್ಲ ಅದರಲ್ಲಿರುತ್ತದೆ. ಮರೆತರೆ ಮಾತ್ರ ಯಾರೂ ತೆಗೆದುಕೊಡಲಾರರು. ರೆಸ್ಟಿಕ್ ಮಾಡಿದವರಿಂದಲೂ ಆಗದು. ಪಾಸ್‌ವರ್ಡ್ ಬರೀ ಲ್ಯಾಪ್‌ಟಾಪ್‌ನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿದ್ದರೆ ಅದು ಲ್ಯಾಪ್‌ಟಾಪ್ ಜೊತೆಗೇ ಹೋಗುತ್ತದೆ. ಕಾಗದದಲ್ಲಿ ಬರೆಯಿರಿ. ನ್ಯಾಸ್‌ನ ಹೆಸರು, ಖಾತೆಯ ಹೆಸರು, ಯಾವ ತಂತ್ರಾಂಶ ಅನ್ನುವುದನ್ನೂ ಅದರಲ್ಲೇ ಬರೆಯಿರಿ. ವಿಂಡೋಸ್‌ನವರು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನೂ ಸೇರಿಸಿ. ಆ ಕಾಗದ ಎಲ್ಲಿದೆ ಅಂತ ಮನೆಯಲ್ಲಿ ಇನ್ನೊಬ್ಬರಿಗೆ ತಿಳಿಸಿ, ಅದನ್ನು ನೋಡಿಕೊಂಡು ಅವರೇ ಒಮ್ಮೆ ಒಂದು ಫೈಲ್ ವಾಪಸ್ ತೆಗೆಯಲಿ. ಅವರಿಗೆ ಎಲ್ಲಿ ತಡವರಿಸಿತೋ ಅಲ್ಲಿ ಇನ್ನೊಂದು ಸಾಲು ಸೇರಿಸಿ.